ಖಾಲಿ ಚೀಲ ಎಲ್ಲ ಬೈಕಿಗೂ ಹೊಂದುತ್ತದೆ

ಪೆಟ್ರೋಲ್ ಟ್ಯಾಂಕಿನ ಎರಡೂ ಮಗ್ಗುಲಿಗೆ ಇಳಿಬೀಳುವ ಚೀಲ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಲೀಟರ್ ಹಿಡಿಸುತ್ತೆ?’ ಅಂತ. ಕೇಳಬೇಕಾದದ್ದು ‘ತುಂಬಿದ ಮೇಲೆ ಇದು ಹಾರ್ನ್ ಹೊಡೆಯುತ್ತಾ?’ ಅಂತ.

ಹಿಂದಿನವರು ಎತ್ತಿನ ಬೆನ್ನಿಗೆ ಹಸುಬೆ ಹಾಕುತ್ತಿದ್ದರು. ನಡುವೆ ಬಾಯಿ, ಎರಡು ಕಡೆ ಹೊಟ್ಟೆ. ಟ್ಯಾಂಕ್ ಚೀಲವೂ ಅದೇ ವಂಶದ್ದು. ಆದರೆ ಎತ್ತಿನ ಕೊಂಬಿಗೆ ಸ್ವಿಚ್ಚುಗಳಿರಲಿಲ್ಲ. ಬೈಕಿನ ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿದಾಗ ಅದರ ಎಡತುದಿ ಹಿಂದಕ್ಕೆ, ಟ್ಯಾಂಕಿನ ಹತ್ತಿರಕ್ಕೆ ಬರುತ್ತದೆ. ಹಾರ್ನ್, ಇಂಡಿಕೇಟರ್ ಸಾಮಾನ್ಯವಾಗಿ ಇರುವುದು ಅಲ್ಲೇ, ಅದೂ ಸವಾರನಿಗೆ ಎದುರಾಗಿ. ಬಲಕ್ಕೆ ತಿರುಗಿಸಿದರೆ ಇಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ಚಿನ ಸರದಿ. ಹಾಗಾಗಿ ಇಕ್ಕಟ್ಟಿನ ಜಾಗದಲ್ಲಿ ಎಡಕ್ಕೆ ಯು-ಟರ್ನ್ ತೆಗೆದುಕೊಂಡರೆ ಊರಿಗೆಲ್ಲ ಕೇಳುವಂತೆ ಹಾರ್ನ್, ಬಲಕ್ಕೆ ತೆಗೆದುಕೊಂಡರೆ ಪೂರ್ಣ ಮೌನ. ಎರಡನೆಯದೇ ಕೆಟ್ಟದ್ದು. ನಿಧಾನದ ತಿರುವಿನಲ್ಲಿ ವಾಲಿದ ಬೈಕನ್ನು ಬೀಳದಂತೆ ಹಿಡಿದಿರುವುದು ಹಿಂದಿನ ಚಕ್ರಕ್ಕೆ ಸಿಗುವ ಎಳೆತ. ಅದು ನಿಂತರೆ ಬೈಕು ತೀರಾ ಸಾವಧಾನದಿಂದ, ಎಲ್ಲರಿಗೂ ನೋಡಲು ಸಮಯ ಕೊಟ್ಟು, ಪಕ್ಕಕ್ಕೆ ಮಲಗುತ್ತದೆ.

ಅಂಗಡಿಯಲ್ಲಿ ಇದು ಯಾರಿಗೂ ಹೊಳೆಯುವುದಿಲ್ಲ. ಅಲ್ಲಿ ಚೀಲ ಇಸ್ತ್ರಿ ಮಾಡಿದ ಅಂಗಿಯಂತೆ ಟ್ಯಾಂಕಿಗೆ ಅಂಟಿ ಕೂತಿರುತ್ತದೆ. ಮನೆಗೆ ತಂದು ಸ್ಪ್ಯಾನರ್, ಟ್ಯೂಬು, ಪಂಪು, ನೀರಿನ ಬಾಟಲಿ ತುರುಕಿದ ಮೇಲೆ ಅದು ಹೊಟ್ಟೆ ಬಿಡುತ್ತದೆ. ಹೊರಕ್ಕೆ ಬಿಟ್ಟರೆ ಪರವಾಗಿಲ್ಲ. ಮೇಲಕ್ಕೆ ಬಿಟ್ಟರೆ ಹ್ಯಾಂಡಲ್‌ಗೆ, ಹಿಂದಕ್ಕೆ ಬಿಟ್ಟರೆ ಮಂಡಿಗೆ, ಕೆಳಕ್ಕೆ ಬಿಟ್ಟರೆ ಇಂಜಿನ್ನಿಗೆ ತಾಗುತ್ತದೆ.

ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಲು ಒಂದು ಹಳೆಯ ಪ್ಯಾಂಟು ಸಾಕು. ಎರಡೂ ಕಾಲುಗಳನ್ನು ಮಂಡಿಯ ಹತ್ತಿರ ದಾರದಿಂದ ಬಿಗಿಯಾಗಿ ಕಟ್ಟಿ, ಒಳಗೆ ಹಳೆಯ ಪೇಪರ್ ಮುದ್ದೆ ಮಾಡಿ ತುಂಬಿ, ಒಂದೊಂದು ಕಾಲು ಒಂದೊಂದು ಪಕ್ಕಕ್ಕೆ ಬರುವಂತೆ ಟ್ಯಾಂಕಿನ ಮೇಲೆ ಹಾಕಿ. ಯಾರೋ ಟ್ಯಾಂಕಿನೊಳಗೆ ತಲೆಕೆಳಗಾಗಿ ಇಳಿದಂತೆ ಕಾಣುತ್ತದೆ, ನೋಡಿದವರು ನೋಡಿಕೊಳ್ಳಲಿ. ಟ್ಯಾಂಕಿನಿಂದ ಹೊರಕ್ಕೆ ಸುಮಾರು 15 ಸೆಂ.ಮೀ. ದಪ್ಪ ಬರುವಷ್ಟು ತುಂಬಿದರೆ ಮಧ್ಯಮ ಗಾತ್ರದ ಚೀಲದ ಅಂದಾಜು ಸಿಗುತ್ತದೆ. ಈಗ ಬೈಕನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ, ಅದಿಲ್ಲದಿದ್ದರೆ ಇನ್ನೊಬ್ಬರಿಂದ ನೆಟ್ಟಗೆ ಹಿಡಿಸಿಕೊಂಡು, ಗ್ಲೌಸ್ ಹಾಕಿ ಕುಳಿತುಕೊಳ್ಳಿ. ಗ್ಲೌಸ್ ಮರೆಯಬೇಡಿ. ಬರಿಗೈ ನುಸುಳುವ ಸಂದಿಯಲ್ಲಿ ದಪ್ಪ ಗ್ಲೌಸಿನ ಕೈ ಸಿಕ್ಕಿಬೀಳುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಕೊನೆಮುಟ್ಟ ತಿರುಗಿಸಿ ನೋಡಿ. ಮಂಡಿಗೂ ಪ್ಯಾಂಟಿಗೂ ನಡುವೆ ಮೂರ್ನಾಲ್ಕು ಬೆರಳಿನ ಜಾಗ ಇರಬೇಕು. ಆಮೇಲೆ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಿ. ಹೊಂಡ ದಾಟಲು ನಿಂತಾಗ ಕಾಲು ಮುಂದಕ್ಕೆ ಸರಿಯುತ್ತದೆ, ಕೂತಾಗ ಇಲ್ಲದ ಜಗಳ ಆಗ ಶುರುವಾಗುತ್ತದೆ. ಕಾಲು ಉದ್ದ ಇರುವವರು ಅಗಲದ ಚೀಲವನ್ನು ಇಲ್ಲಿಗೇ ಕೈಬಿಡುವುದು ಒಳ್ಳೆಯದು. ಹ್ಯಾಂಡಲ್ ತೀರಾ ತಗ್ಗಿನಲ್ಲಿರುವ ಸ್ಪೋರ್ಟ್ಸ್ ಬೈಕಿನವರು ಚೀಲದ ಆಸೆಯನ್ನೇ ಬಿಟ್ಟು ಸೀಟಿನ ಹಿಂಭಾಗ ನೋಡಿಕೊಳ್ಳಲಿ.

ಇನ್ನು ಲೀಟರ್ ಲೆಕ್ಕ. ಇಂಥ ಚೀಲಗಳು ಪಕ್ಕಕ್ಕೆ 4ರಿಂದ 10 ಲೀಟರ್‌ವರೆಗೆ ಬರುತ್ತವೆ. ಹೆಚ್ಚಿನವರಿಗೆ ಪಕ್ಕಕ್ಕೆ 5-6 ಲೀಟರ್ ಸಾಕು. ಹೇಗೂ ಅಲ್ಲಿ ತೂಕದ ಮಿತಿ ಮೊದಲು ಮುಗಿಯುತ್ತದೆ, ಜಾಗ ಆಮೇಲೆ. ಪಕ್ಕಕ್ಕೆ 3-4 ಕಿಲೋ ದಾಟಿದರೆ ಪಟ್ಟಿಗಳು ಜಗ್ಗಲು ಶುರು. ಅಲ್ಲಿ ಇಡಬೇಕಾದದ್ದು ಗಾತ್ರ ಕಿರಿದು, ತೂಕ ಹಿರಿದಾದ ಸಾಮಾನು: ಸ್ಪ್ಯಾನರ್, ಟೈರ್ ಲಿವರ್, ಟ್ಯೂಬು, ಪಂಪು, ನೀರು. ಎರಡು ಚಕ್ರಗಳ ನಡುವೆ, ಬೈಕಿನ ಗುರುತ್ವ ಕೇಂದ್ರದ ಹತ್ತಿರ ಭಾರವಿದ್ದರೆ ಹ್ಯಾಂಡಲ್‌ಗೆ ಗೊತ್ತೇ ಆಗುವುದಿಲ್ಲ. ಅದೇ ಭಾರ ಹಿಂದಿನ ಚಕ್ರದ ಅಚ್ಚಿನಿಂದಲೂ ಆಚೆ ಬಾಲದಲ್ಲಿ ಕೂತರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲಾಡುತ್ತದೆ. ಜನ ಮಾಡುವುದು ಸರಿಯಾಗಿ ಇದರ ತಿರುವುಮುರುವು. ಕಬ್ಬಿಣವೆಲ್ಲ ಬಾಲಕ್ಕೆ, ಟ್ಯಾಂಕಿನ ಚೀಲಕ್ಕೆ ಟವೆಲ್ಲು, ಬನಿಯನ್ನು.

ಎಡ-ಬಲ ಹಂಚುವಾಗ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಬೇಡ. ಕೈಯಲ್ಲಿ ತೂಗಿ ನೋಡಿದರೆ ಸಾಕು, ತಕ್ಕಡಿ ಬೇಕಿಲ್ಲ. ಹೊರಟಾಗ ಸಮವಾಗಿದ್ದದ್ದು ದಾರಿಯಲ್ಲಿ ಹಾಗೇ ಉಳಿಯುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ಒಂದು ಪಕ್ಕ ಎರಡು ಲೀಟರ್ ನೀರು, ಇನ್ನೊಂದು ಪಕ್ಕ ಎರಡು ಕಿಲೋ ಸ್ಪ್ಯಾನರ್ ಇಟ್ಟವರು ಮಧ್ಯಾಹ್ನದ ಹೊತ್ತಿಗೆ ನೀರು ಕುಡಿದು ಮುಗಿಸಿರುತ್ತಾರೆ. ಸ್ಪ್ಯಾನರ್ ಕುಡಿಯಲು ಬರುವುದಿಲ್ಲ. ನೀರನ್ನು ಎರಡು ಬಾಟಲಿ ಮಾಡಿ ಎರಡೂ ಕಡೆ ಇಟ್ಟು, ಸರದಿಯಂತೆ ಕುಡಿಯಿರಿ. ಗಟ್ಟಿ ಸಾಮಾನು ಟ್ಯಾಂಕಿಗೆ ಒರಗದಿರಲಿ, ನಡುವೆ ಬಟ್ಟೆಯ ಮೆತ್ತೆ ಇರಲಿ. ಬೈಕು ಮಲಗಿದಾಗ ಚೀಲವೇ ಟ್ಯಾಂಕನ್ನು ಕಾಪಾಡಬೇಕು. ಮೆತ್ತೆ ಇಲ್ಲದಿದ್ದರೆ ಒಳಗಿನ ಟೈರ್ ಲಿವರ್ ತನ್ನ ಅಚ್ಚನ್ನು ಟ್ಯಾಂಕಿನ ಮೇಲೆ ಒತ್ತಿಬಿಡುತ್ತದೆ. ಫೋನು, ಕ್ಯಾಮೆರಾಗೂ ಅದೇ ಮೆತ್ತೆ. ದೊಡ್ಡ ಇಂಜಿನ್ನಿನ ಬೈಕುಗಳ ಕಂಪನ ಐಫೋನ್ ಕ್ಯಾಮೆರಾವನ್ನು ಹಾಳುಮಾಡಬಹುದು ಎಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ.

ಈಗ ಪಟ್ಟಿಗಳಿಗೆ ಬರೋಣ, ಅಸಲು ಅವಾಂತರಗಳೆಲ್ಲ ಇಲ್ಲೇ. ಬ್ರೇಕ್ ಹಾಕಿದಾಗ ಚೀಲ ಮುಂದಕ್ಕೆ ಹೋಗಲು ನೋಡುತ್ತದೆ, ಅದನ್ನು ತಡೆಯುವುದು ಸೀಟಿನ ಕೆಳಗೆ ಫ್ರೇಮಿಗೆ ಕಟ್ಟಿದ ಹಿಂದಿನ ಪಟ್ಟಿ. ವೇಗ ಏರಿಸಿದಾಗ ಚೀಲ ತೊಡೆಯ ಮೇಲೆ ಬಂದು ಕೂರಲು ನೋಡುತ್ತದೆ, ಅದನ್ನು ತಡೆಯುವುದು ಮುಂದಿನ ಪಟ್ಟಿ. ಕೆಳಗಡೆ ಲೆಗ್ ಗಾರ್ಡಿಗೋ ಫ್ರೇಮಿಗೋ ಕಟ್ಟುವ ಪಟ್ಟಿ ಇಲ್ಲದಿದ್ದರೆ ಎರಡೂ ಚೀಲ ರೆಕ್ಕೆಯಂತೆ ಬಡಿದುಕೊಳ್ಳುತ್ತವೆ. ‘ಕೆಳಪಟ್ಟಿ ಬೇಕಿಲ್ಲ’ ಎಂದು ಹೆಮ್ಮೆಯಿಂದ ಬರೆದಿರುವ ಚೀಲವನ್ನು ಅಲ್ಲೇ ಬಿಟ್ಟು ಬನ್ನಿ.

ಮುಂದಿನ ಪಟ್ಟಿಯನ್ನು ಕಟ್ಟುವುದರಲ್ಲಿ ತುಸು ತಾಳ್ಮೆ ಬೇಕು. ಅದು ಸುತ್ತಬೇಕಾದದ್ದು ಫ್ರೇಮಿನ ಕತ್ತನ್ನು, ಅಂದರೆ ತಿರುಗದ ಭಾಗವನ್ನು. ಟಾರ್ಚ್ ಹಾಕಿ ನೋಡಿದರೆ ಅಲ್ಲಿ ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ವೈರುಗಳ ಕಟ್ಟು ಎಲ್ಲ ಒಂದೇ ಗಲ್ಲಿಯಲ್ಲಿ ತೂರಿಹೋಗುವುದು ಕಾಣುತ್ತದೆ. ಅವಸರದಲ್ಲಿ ಪಟ್ಟಿಯನ್ನು ಕೇಬಲ್ಲಿನ ಮೇಲಿಂದ ಬಿಗಿದರೆ ಮನೆಯ ಮುಂದೆ ಏನೂ ತಿಳಿಯುವುದಿಲ್ಲ. ತಿರುವಿನಲ್ಲಿ ಪಟ್ಟಿ ಕೇಬಲ್ಲನ್ನು ಜಗ್ಗಿ, ಬೈಕು ನಿಮ್ಮನ್ನು ಕೇಳದೇ ವೇಗ ಏರಿಸುತ್ತದೆ. ಆದ್ದರಿಂದ ಕಟ್ಟಿದ ಮೇಲೆ ಬಯಲಲ್ಲಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ. ಇಂಜಿನ್ನಿನ ಸದ್ದು ಎಳ್ಳಷ್ಟೂ ಬದಲಾಗಬಾರದು. ಎರಡೂ ತುದಿಯಲ್ಲಿ ಆಕ್ಸಿಲರೇಟರ್ ತಿರುವಿ ಬಿಟ್ಟಾಗ ಅದು ಟಪ್ಪನೆ ತಾನಾಗಿ ವಾಪಸಾಗಬೇಕು. ಚೀಲಕ್ಕೆ ಉಜ್ಜಿ ತಡವಾಗಿ ಬಂದರೂ ಪಟ್ಟಿ ಬಿಚ್ಚಿ ಮತ್ತೆ ಮೊದಲಿಂದ.

ಹೊರಟು 20-30 ಕಿ.ಮೀ. ಆದ ಮೇಲೆ ನಿಲ್ಲಿಸಿ ಪಟ್ಟಿಗಳನ್ನು ಇನ್ನೊಮ್ಮೆ ಬಿಗಿಯಿರಿ. ಸಾಮಾನು ಅಲ್ಲಾಡಿ ತನ್ನ ಜಾಗ ಹುಡುಕಿಕೊಂಡಿರುತ್ತದೆ, ಬಿಗಿಯಾಗಿದ್ದದ್ದು ಸಡಿಲವಾಗಿರುತ್ತದೆ. ನೈಲಾನ್ ಪಟ್ಟಿ ನೀರು ಕುಡಿದು ಉದ್ದವಾಗುವ ಜಾತಿಯದು, ಪಾಲಿಯೆಸ್ಟರ್ ಅಷ್ಟಾಗಿ ಹಿಗ್ಗುವುದಿಲ್ಲ. ಮಳೆಯ ದಿನ ಅರ್ಧ ದಾರಿಯಲ್ಲಿ ಚೀಲ ಸೊರಗಿ ಕೆಳಗಿಳಿದಂತೆ ಕಂಡರೆ ಕಾರಣ ಇದೇ. ಬಿಗಿದ ಮೇಲೆ ಉಳಿದ ಬಾಲವನ್ನು ಸುರುಳಿ ಸುತ್ತಿ, ಹಳೆಯ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಮಾಡಿದ ರಬ್ಬರಿನಿಂದ ಕಟ್ಟಿಬಿಡಿ. ಹಾಗೇ ಬಿಟ್ಟ ಬಾಲ ಗಾಳಿಗೆ ಚಾಟಿಯಾಗಿ ದಿನವಿಡೀ ಟ್ಯಾಂಕಿಗೆ ಬಾರಿಸುತ್ತದೆ. ಇನ್ನೂ ಉದ್ದವಿದ್ದರೆ ಚೈನನ್ನು ಹುಡುಕಿಕೊಂಡು ಹೋಗುತ್ತದೆ.

ಬಣ್ಣದ ವಿಷಯ ಚಿಕ್ಕದಾಗಿ. ಚೀಲ ಟ್ಯಾಂಕನ್ನು ಗೀರುವುದಿಲ್ಲ, ನಡುವೆ ಕೂತ ಧೂಳು ಗೀರುತ್ತದೆ. ಕಟ್ಟುವ ಮೊದಲು ಟ್ಯಾಂಕು, ಚೀಲದ ತಳ ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಪಟ್ಟಿ ಕೂರುವ ಕಡೆ ಪಾರದರ್ಶಕ ಫಿಲ್ಮ್ ಅಂಟಿಸಿ. ಹೊಳಪಿಲ್ಲದ ಮ್ಯಾಟ್ ಬಣ್ಣದವರಿಗೆ ಬೇರೆಯೇ ಗೋಳು. ಎಲ್ಲರ ಟ್ಯಾಂಕು ಉಜ್ಜಿದಲ್ಲಿ ಮಂಕಾದರೆ ಅವರದು ಉಜ್ಜಿದಲ್ಲಿ ಮಿರಮಿರ ಮಿಂಚುತ್ತದೆ, ಮತ್ತೆ ಮಂಕಾಗಿಸಲು ಪಾಲಿಶ್ ಇಲ್ಲ.

ಶಾಖವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಳಿಯಿಂದ ತಣ್ಣಗಾಗುವ ಇಂಜಿನ್ನಿನ ರೆಕ್ಕೆಗಳ ಮುಂದೆ ಚೀಲ ತೂಗಿದರೆ ಇಂಜಿನ್ನಿಗೂ ಸೆಕೆ, ಚೀಲಕ್ಕೂ ಸೆಕೆ. ರೇಡಿಯೇಟರ್ ಇದ್ದರೆ ಅದರ ಫ್ಯಾನು ಬಿಸಿಗಾಳಿ ಉಗುಳುವ ಕಡೆ ಯಾವುದೆಂದು, ಟ್ರಾಫಿಕ್ಕಿನಲ್ಲಿ ನಿಂತಾಗ ಕೈ ಹಿಡಿದು ನೋಡಿ. ಚೀಲದ ತಳಕ್ಕೂ ಸಿಲಿಂಡರ್, ಇಂಜಿನ್ನಿನ ಹೊಗೆ ಒಯ್ಯುವ ಬೆಂಡ್ ಪೈಪಿಗೂ ನಡುವೆ ಒಂದು ಹಿಡಿ ಅಗಲ, ಸುಮಾರು 10 ಸೆಂ.ಮೀ. ಬಿಡಿ. ಮೇಲೆ ಹೇಳಿದ ಸಾಮಾನಿನ ಪಟ್ಟಿಯಲ್ಲಿ ಚೈನ್ ಲ್ಯೂಬ್ ಸ್ಪ್ರೇ ಇಲ್ಲದ್ದನ್ನು ಗಮನಿಸಿರಬಹುದು. ಆ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ 50 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೆ ಒಡ್ಡಬೇಡಿ ಎಂದಿರುತ್ತದೆ. ಇಂಜಿನ್ನಿನ ನೆತ್ತಿಯ ಮೇಲೆ, ಬಿಸಿಲಲ್ಲಿ, ಕಪ್ಪು ಚೀಲದೊಳಗೆ ಆ 50 ಬಹಳ ದೂರವೇನಲ್ಲ. ಸ್ಪ್ರೇ, ಪಂಕ್ಚರ್ ಸಲ್ಯೂಷನ್, ಔಷಧಿ ಮೂರಕ್ಕೂ ಹಿಂದಿನ ಬ್ಯಾಗೇ ಗತಿ.

ಮಳೆಗೆ ಎರಡು ಬಗೆಯ ಉತ್ತರಗಳಿವೆ. ಮೇಲಿಂದ ಹಾಕುವ ರೇನ್‌ಕವರ್ ಒಂದು. ಅದು ಗಾಳಿ ತುಂಬಿಕೊಂಡು ಬಲೂನಾಗಿ, ಹಿಂದೆ ಬರುವ ವಾಹನದ ಗಾಜಿಗೆ ಹೋಗಿ ಕೂರುವ ಹಂಬಲದ್ದು. ಹಾರದೇ ಉಳಿದರೂ ಟ್ಯಾಂಕಿನ ಮೇಲಿಂದ ಹರಿದ ನೀರು ಚೀಲದ ಬೆನ್ನಿನಿಂದ ಒಳಸೇರುತ್ತದೆ, ಕವರ್ ಅದನ್ನು ಹೊರಹೋಗದಂತೆ ಕಾಯುತ್ತದೆ. ಇನ್ನೊಂದು, ಹೊಲಿಗೆಯ ಬದಲು ಬೆಸುಗೆ ಹಾಕಿದ, ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ ಚೀಲ. ಹಣ ಹಾಕುವುದಾದರೆ ಇದಕ್ಕೇ ಹಾಕಿ. ಆದರೆ ಬಾಯಿಯನ್ನು ಕನಿಷ್ಠ ಮೂರು ಸುತ್ತು ಸುತ್ತದೇ ಅದು ನೀರು ತಡೆಯುವುದಿಲ್ಲ. ಕಂಠಮಟ್ಟ ತುಂಬಿದ ಚೀಲಕ್ಕೆ ಮೂರು ಸುತ್ತು ಸಿಗುವುದಿಲ್ಲ. ಹಾಗಾಗಿ 7 ಲೀಟರ್ ಚೀಲ ಬಿಸಿಲಲ್ಲಿ ಮಾತ್ರ 7 ಲೀಟರ್, ಮಳೆಯಲ್ಲಿ ಐದೂವರೆ. ಒಳಗೆ ಪೇಪರ್ ತುಂಬಿ ಮುಚ್ಚಿ, ಹತ್ತು ನಿಮಿಷ ಷವರ್ ಕೆಳಗಿಟ್ಟರೆ ನಿಜ ಗೊತ್ತಾಗುತ್ತದೆ. ಹೊರಗಿನ ನೀರನ್ನು ಒಳಗೆ ಬಿಡದ ಚೀಲ ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲ. ಬಾಟಲಿಯ ಮುಚ್ಚಳ ಸಡಿಲವಾದರೆ ಸ್ಪ್ಯಾನರುಗಳು ಸಂಜೆಯವರೆಗೂ ಈಜುತ್ತವೆ.

ಕೊನೆಗೆ ಪೆಟ್ರೋಲ್ ಬಂಕು. ನಡುವಿನ ಪಟ್ಟಿಗಳು ಟ್ಯಾಂಕ್ ಮುಚ್ಚಳದ ಅಕ್ಕಪಕ್ಕದಲ್ಲಿ ಹಾದುಹೋದರೆ ಚೀಲ ಮುಟ್ಟದೇ ತುಂಬಿಸಬಹುದು. ಕೊಳ್ಳುವಾಗ ಇದನ್ನು ಅಳೆದೇ ಕೊಳ್ಳಿ. ಮುಚ್ಚಳ ಕಾಣುವುದು ಬೇರೆ, ಕೀಲಿನ ಮೇಲೆ ಪೂರ್ತಿ ಎತ್ತಿ ನಿಲ್ಲುವುದು ಬೇರೆ. ಪಟ್ಟಿ ಮುಚ್ಚಳದ ಮೇಲೇ ಬಂದರೆ ಪ್ರತಿ ಸಲ ಹಿಂದಿನ ಬಕಲ್ ಬಿಚ್ಚಿ, ಏಳೆಂಟು ಕಿಲೋ ಚೀಲವನ್ನು ಮುಂದಕ್ಕೆ ಮಗುಚಬೇಕು. ಸಾಲಿನಲ್ಲಿರುವವರೆಲ್ಲ ನೋಡುತ್ತಿರುವಾಗ ಅದು ಹ್ಯಾಂಡಲ್ ಮೇಲೆ ಒರಗಿ ನೇರವಾಗಿ ಹಾರ್ನ್ ಸ್ವಿಚ್ಚಿನ ಮೇಲೆ ಕೂರುತ್ತದೆ. ಇಗ್ನಿಷನ್ ಕೀಲಿಕೈ ಟ್ಯಾಂಕಿನ ಮುಚ್ಚಳದಲ್ಲಿರುವುದರಿಂದ, ಇಡೀ ಪ್ರಯಾಣದಲ್ಲಿ ಅಲ್ಲಿ ಮಾತ್ರ ಅದು ಸದ್ದು ಮಾಡುವುದಿಲ್ಲ.