ಪ್ರೋತ್ಸಾಹ ಆಮೇಲೆ, ಮೊದಲು ಬೀಗ ತೆಗೆಯಿರಿ

ಪ್ರತಿ ವರ್ಷ ಆಯವ್ಯಯ ಮಂಡಿಸುವ ಕಾಲ ಬಂತೆಂದರೆ ನಮ್ಮ ಪುರಸಭೆಗೆ ಸ್ಥಳೀಯ ವ್ಯಾಪಾರಿಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ಪೂರ್ವಭಾವಿ ಸಭೆಗೆ ಬನ್ನಿ ಎಂದು ಕಸದ ಗಾಡಿಯ ಧ್ವನಿವರ್ಧಕದಲ್ಲೇ ಸಾರುತ್ತಾರೆ, ಬಂದವರಿಗೆ ಚಹಾ, ಬಿಸ್ಕೀಟು ಕೊಡುತ್ತಾರೆ, ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾರೆ. ಕೊನೆಗೆ ಓದುವ ಆಯವ್ಯಯ ಭಾಷಣದಲ್ಲಿ ‘ಸ್ಥಳೀಯ ಉದ್ದಿಮೆಗಳಿಗೆ ಉತ್ತೇಜನ ನೀಡಿ ಪಟ್ಟಣದ ಆರ್ಥಿಕ ಅಭಿವೃದ್ಧಿಗೆ ಒತ್ತು ಕೊಡಲಾಗುವುದು’ ಎಂಬ ಸಾಲು ಹಿಂದಿನ ವರ್ಷದ ಪುಸ್ತಕದಿಂದ ಈ ವರ್ಷದ ಪುಸ್ತಕಕ್ಕೆ ಒಂದಕ್ಷರವೂ ಬದಲಾಗದೆ ಇಳಿದು ಬಂದಿರುತ್ತದೆ. ಆ ಸಾಲಿನ ಎದುರಿಗೆ ಹಣ ಎಷ್ಟು ಇಟ್ಟಿದ್ದಾರೆ ಎಂದು ಹುಡುಕಿದರೆ ಅಂಕಣ ಖಾಲಿ. ಅದೇ ಪುಸ್ತಕದ ಜಮೆಯ ಪುಟಗಳಲ್ಲಿ ಮಾತ್ರ ನಮ್ಮನ್ನು ಯಾರೂ ಮರೆತಿರುವುದಿಲ್ಲ: ಉದ್ದಿಮೆ ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ, ವಾಣಿಜ್ಯ ಕಟ್ಟಡಗಳ ಆಸ್ತಿ ತೆರಿಗೆ, ವಾಣಿಜ್ಯ ನಳದ ದರ, ಕಸ ವಿಲೇವಾರಿಯ ಕರ, ಸಂತೆಯ ನೆಲಬಾಡಿಗೆ.

ನಾನು ಬಾಗಲಕೋಟೆ ಜಿಲ್ಲೆಯವಳು. ಊರಿನ ಹೆಸರು ಬರೆಯುವುದಿಲ್ಲ, ಏಕೆಂದರೆ ನಾಳೆ ಮತ್ತೆ ಅದೇ ಕಚೇರಿಯ ಅದೇ ಕಿಟಕಿಯ ಮುಂದೆ ನಾನು ನಿಲ್ಲಬೇಕಾಗಿದೆ. ನಾನೂ ನನ್ನ ನಾದಿನಿಯೂ ಸೇರಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುವ ಒಂದು ರೊಟ್ಟಿ ಕೇಂದ್ರವನ್ನು ನಡೆಸುತ್ತೇವೆ. ನಮ್ಮ ಓಣಿಯ ಹೆಣ್ಣುಮಕ್ಕಳು ನಸುಕಿನಲ್ಲಿ ಬಂದು ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತಿಗೆ ಮನೆಗೆ ಮರಳುತ್ತಾರೆ. ಬಿಳಿಜೋಳ ಸುತ್ತಲಿನ ಹಳ್ಳಿಗಳ ರೈತರಿಂದಲೇ ಬರುತ್ತದೆ, ಗಿರಣಿ ನಮ್ಮೂರಿನದೇ, ಪ್ಯಾಕೆಟ್ಟಿನ ಮೇಲಿನ ಚೀಟಿ ಮುದ್ರಿಸುವ ಪ್ರೆಸ್ಸೂ ನಮ್ಮೂರಿನದೇ. ಒಂದು ರೊಟ್ಟಿ ಮಾರಿ ಬಂದ ಹಣ ಊರು ಬಿಟ್ಟು ಹೊರಗೆ ಹೋಗುವ ಮೊದಲು ಐದಾರು ಮನೆಗಳ ಕೈ ದಾಟುತ್ತದೆ. ಪಟ್ಟಣದ ಆರ್ಥಿಕ ಅಭಿವೃದ್ಧಿಯೆಂದರೆ ಇದಲ್ಲದೆ ಬೇರೇನು ಎಂಬುದನ್ನು ಆ ಭಾಷಣ ಬರೆದವರೇ ಹೇಳಬೇಕು.

ಇದು ವ್ಯಾಪಾರ ಗೊತ್ತಿಲ್ಲದ ಜಿಲ್ಲೆಯೇನಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು, ಮಹಾಲಿಂಗಪುರದ ಬೆಲ್ಲ, ರಬಕವಿ-ಬನಹಟ್ಟಿಯ ಮಗ್ಗ, ಇವು ಯಾವುವೂ ಯಾವ ಮುಖ್ಯಾಧಿಕಾರಿಯ ಸುತ್ತೋಲೆಯಿಂದ ಹುಟ್ಟಿದವಲ್ಲ. ಆಲಮಟ್ಟಿಯ ಹಿನ್ನೀರಿಗೆ ತಮ್ಮ ಪೇಟೆಯನ್ನು ಬಿಟ್ಟುಕೊಟ್ಟು ನವನಗರದಲ್ಲಿ ಮತ್ತೆ ಮೊದಲಿನಿಂದ ಅಂಗಡಿ ಹೂಡಿದ ವ್ಯಾಪಾರಿಗಳು ಬಾಗಲಕೋಟೆಯಲ್ಲಿ ಇಂದಿಗೂ ಇದ್ದಾರೆ. ಜನ ತಮ್ಮ ಪಾಲಿನದನ್ನು ಮಾಡಿದ್ದಾರೆ. ಪುರಸಭೆಯ ಪಾಲು ಏನು ಎಂಬುದೂ ಗುಟ್ಟಿನ ವಿಷಯವಲ್ಲ. 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದ 18 ವಿಷಯಗಳಿವೆ, ಅವುಗಳಲ್ಲಿ ಮೂರನೆಯದೇ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ. ರಸ್ತೆ, ನೀರು, ಕಸ ಎಲ್ಲವೂ ಪಟ್ಟಿಯಲ್ಲಿ ಅದರ ನಂತರ ಬರುತ್ತವೆ. ನಮ್ಮಲ್ಲಿ ಆ ಮೂರನೆಯ ವಿಷಯಕ್ಕೆ ಒಂದು ಕಡತವಾದರೂ ಇದೆಯೇ ಎಂದು ಕೇಳಿದಾಗ ಸಿಬ್ಬಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಈಗ ಮಳಿಗೆಗಳ ವಿಷಯಕ್ಕೆ ಬರುತ್ತೇನೆ, ನನ್ನ ಸಿಟ್ಟಿನ ಬಹುಪಾಲು ಇರುವುದು ಅಲ್ಲಿಯೇ. ಬಸ್ ನಿಲ್ದಾಣದ ಹಿಂದೆ ಸರ್ಕಾರದ ಅನುದಾನದಲ್ಲಿ ಒಂದು ವಾಣಿಜ್ಯ ಸಂಕೀರ್ಣವನ್ನು ಕಟ್ಟಿದ್ದಾರೆ. ಗ್ರಾನೈಟಿನ ಉದ್ಘಾಟನಾ ಫಲಕದಲ್ಲಿ ಗಣ್ಯರ ಹೆಸರುಗಳು ತಲೆಯಿಂದ ಬುಡದವರೆಗೆ ತುಂಬಿವೆ. ಫಲಕದ ಕೆಳಗಿನ ಸಾಲು ಮಳಿಗೆಗಳಲ್ಲಿ ಒಂದಷ್ಟು ನಡೆಯುತ್ತಿವೆ, ಹಿಂಬದಿಯ ಆರು ಮಳಿಗೆಗಳು ಮಾತ್ರ ಉದ್ಘಾಟನೆಯಾದಂದಿನಿಂದ ಇಂದಿನವರೆಗೆ ಬಾಗಿಲು ತೆರೆದಿಲ್ಲ. ಶಟರಿನ ಕೆಳಪಟ್ಟಿ ತುಕ್ಕು ತಿಂದು ಹಪ್ಪಳದಂತೆ ಉದುರುತ್ತಿದೆ, ಬೀಗಕ್ಕೆ ಸುತ್ತಿದ ಬಟ್ಟೆಯ ಮೇಲಿನ ಅರಗಿನ ಮುದ್ರೆ ಬಿರುಕು ಬಿಟ್ಟಿದೆ, ಮೀಟರ್ ಕೂರಿಸಲು ಬಿಟ್ಟ ಚೌಕಗಳಿಂದ ವೈರಿನ ತುದಿಗಳು ಹೊರಗೆ ಜೋತುಬಿದ್ದಿವೆ, ಛಾವಣಿಯ ಅಂಚಿನಲ್ಲಿ ಅರಳಿ ಸಸಿಯೊಂದು ಬೇರು ಬಿಟ್ಟಿದೆ. ಅದೇ ಶಟರಿನ ಎದುರಿಗೆ, ಬಿಸಿಲಿಗೆ ಗೋಣಿಚೀಲ ಕಟ್ಟಿಕೊಂಡು, ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳು ಕುಳಿತಿರುತ್ತಾರೆ. ಸಾರ್ವಜನಿಕರ ಹಣದಲ್ಲಿ ಕಟ್ಟಿದ ನೆರಳಿಗೆ ಬೀಗ ಹಾಕಿ, ಸಾರ್ವಜನಿಕರನ್ನು ಬಿಸಿಲಿನಲ್ಲಿ ಕೂರಿಸಿ, ಅವರಿಂದ ದಿನದ ನೆಲಬಾಡಿಗೆಯನ್ನೂ ವಸೂಲಿ ಮಾಡುವ ಇಂತಹ ವ್ಯವಸ್ಥೆಗೆ ಉತ್ತೇಜನ ಎಂದು ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು.

ಹರಾಜು ನಡೆಯಲಿಲ್ಲವೆಂದಲ್ಲ, ನಡೆಯಿತು. ನಾವೂ ಠೇವಣಿಯ ಡಿಡಿ ತೆಗೆಸಿಕೊಂಡು ಹೋಗಿ ಸಭಾಭವನದಲ್ಲಿ ಕುಳಿತಿದ್ದೆವು. ತಿಂಗಳಿಗೆ 4,500 ರೂಪಾಯಿಯಿಂದ ಆರಂಭವಾದ ಸವಾಲು ನೋಡನೋಡುತ್ತಿದ್ದಂತೆ 19,000ಕ್ಕೆ ಏರಿತು. ಒಂದು ರೊಟ್ಟಿಗೆ ಜೋಳ, ಕಟ್ಟಿಗೆ, ಕೂಲಿ ಎಲ್ಲ ಕಳೆದು ನಮಗೆ ಒಂದು ರೂಪಾಯಿ ಉಳಿದರೆ ಅದೇ ಹೆಚ್ಚು. ಆ ಲೆಕ್ಕದಲ್ಲಿ ಬಾಡಿಗೆಗೆಂದೇ ದಿನಕ್ಕೆ ಆರುನೂರಕ್ಕಿಂತ ಹೆಚ್ಚು ರೊಟ್ಟಿ ಬಡಿಯಬೇಕು, ಮನೆ ನಡೆಸುವ ರೊಟ್ಟಿಯ ಲೆಕ್ಕ ಅದರ ಮೇಲೆ. ನಾವು ಎದ್ದು ಬಂದೆವು. 19,000ಕ್ಕೆ ಕೂಗಿದ ಮಹನೀಯರಿಗೆ ವ್ಯಾಪಾರ ಮಾಡುವ ಉದ್ದೇಶವೇ ಇರಲಿಲ್ಲ ಎಂಬುದು ಆಮೇಲೆ ಊರಿಗೆಲ್ಲ ತಿಳಿಯಿತು. ಇಂಥವರು ಸಾಲಾಗಿ ಮಳಿಗೆ ಹಿಡಿದು, ಕೆಲವನ್ನು ಒಳಬಾಡಿಗೆಗೆ ಕೊಟ್ಟು, ಪುರಸಭೆಗೆ ಮೊದಲ ಕೆಲವು ತಿಂಗಳ ಬಾಡಿಗೆಯನ್ನಷ್ಟೇ ಕಟ್ಟಿ ಸುಮ್ಮನಾಗುತ್ತಾರೆ. ಕರಾರಿಗೇ ಬಾರದೆ ಬಿಟ್ಟ ಮಳಿಗೆಗಳಿಗೆ ಮರುಹರಾಜು ಎನ್ನುತ್ತಾರೆ, ಮರುಹರಾಜಿಗೆ ಹಿಂದಿನ ಸವಾಲಿನ ಮೊತ್ತವನ್ನೇ ಆಧಾರವಾಗಿ ಹಿಡಿಯುತ್ತಾರೆ, ಆ ಮೊತ್ತಕ್ಕೆ ಯಾರೂ ಬರುವುದಿಲ್ಲ. ಮೊತ್ತ ಇಳಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದಂತೆ. ಒಂದು ರೂಪಾಯಿಯೂ ಬಾರದ ಆರು ಮಳಿಗೆಗಳ ಬಗ್ಗೆ ಆಕ್ಷೇಪಣೆ ಏಕೆ ಬರುವುದಿಲ್ಲ ಎಂದು ಕೇಳಿದ್ದಕ್ಕೆ ಗುಮಾಸ್ತರು, ‘ಅಕ್ಕಾರ, ಅದು ನಮ್ಮ ಲೆವೆಲ್ಲಿನಾಗ ಇಲ್ರಿ, ಮ್ಯಾಲಿನವರಿಗೆ ಬರದೇವಿ’ ಎಂದರು. ಬರೆದ ಪತ್ರದ ನಕಲನ್ನು ಕೇಳಿದೆ. ಸಾಹೇಬರು ಮೀಟಿಂಗಿಗೆ ಹೋಗಿದ್ದರು.

ಇದಕ್ಕೆ ದಾರಿಯೇ ಇಲ್ಲವೆಂದರೆ ನಾನು ಒಪ್ಪುವುದಿಲ್ಲ. ಹೆಚ್ಚು ಕೂಗಿದವನಿಗೆ ಕೊಡುವುದು ಮಳಿಗೆಯಿಂದ ಹಣ ಎತ್ತುವ ರೀತಿಯೇ ಹೊರತು ವ್ಯಾಪಾರವನ್ನು ಬೆಳೆಸುವ ರೀತಿಯಲ್ಲ, ಮತ್ತು ನಮ್ಮಲ್ಲಿ ಹಣವೂ ಏಳಲಿಲ್ಲ. ಮಳಿಗೆ ಹಿಡಿದವರೇ ಅಲ್ಲಿ ಅಂಗಡಿ ನಡೆಸಬೇಕು, ಮೂರು ತಿಂಗಳು ಬಾಗಿಲು ತೆರೆಯದಿದ್ದರೆ ಠೇವಣಿ ಮುಟ್ಟುಗೋಲು, ಒಳಬಾಡಿಗೆ ಸಿಕ್ಕಿಬಿದ್ದರೆ ಕರಾರು ರದ್ದು ಎಂಬ ಷರತ್ತುಗಳನ್ನು ಬರೆದು ಜಾರಿ ಮಾಡಿದರೆ ಅರ್ಧಕ್ಕರ್ಧ ಹುಸಿ ಸವಾಲುಗಳು ತಾವಾಗಿಯೇ ನಿಲ್ಲುತ್ತವೆ. ಅಂತಹ ಷರತ್ತು ಹರಾಜಿನ ಪ್ರಕಟಣೆಯಲ್ಲಿ ಆಗಲೇ ಇತ್ತು ಎಂಬುದು ಇನ್ನೂ ಸಿಟ್ಟು ತರಿಸುವ ಸಂಗತಿ.

ಮಳಿಗೆ ಸಿಗದೆ ನಾವು ಖಾಸಗಿ ಕಟ್ಟಡದಲ್ಲಿ ಬಾಡಿಗೆಗೆ ಕುಳಿತೆವು. ಅಲ್ಲಿಂದ ಪರವಾನಗಿಯ ಕಥೆ ಶುರುವಾಗುತ್ತದೆ. ಉದ್ದಿಮೆ ಪರವಾನಗಿಗೆ ಬಾಡಿಗೆ ಕರಾರುಪತ್ರ, ಆಧಾರ್, ಭಾವಚಿತ್ರ ಇವುಗಳ ಜೊತೆಗೆ ಕಟ್ಟಡದ ಚಾಲ್ತಿ ವರ್ಷದ ಆಸ್ತಿ ತೆರಿಗೆ ರಸೀದಿಯನ್ನೂ ಕೊಡಬೇಕೆಂದರು. ಕಟ್ಟಡದ ಮಾಲೀಕರು ವರ್ಷಗಳಿಂದ ತೆರಿಗೆ ಕಟ್ಟಿಲ್ಲ. ಅವರಿಂದ ವಸೂಲಿ ಮಾಡುವ ಅಧಿಕಾರವೂ ಸಿಬ್ಬಂದಿಯೂ ಪುರಸಭೆಗೆ ಇವೆ, ಆದರೆ ಆ ಕೆಲಸವನ್ನು ಅದು ನನಗೆ ವಹಿಸಿದೆ. ಮಾಲೀಕರಿಗೆ ಹೇಳಿದರೆ, ‘ಬೇಕಾದ್ರ ನೀವ ಕಟ್ರಿ ತಂಗಿ, ಬಾಡಿಗ್ಯಾಗ ಮುರಕೋರಿ’ ಎಂದರು. ಹೀಗೆ ಬೇರೆಯವರ ತೆರಿಗೆಯನ್ನೂ ಅದರ ಮೇಲಿನ ದಂಡವನ್ನೂ ನಾನು ಕಟ್ಟಿ, ಚಲನ್ ತಂದು, ಆರೋಗ್ಯ ನಿರೀಕ್ಷಕರು ಸ್ಥಳ ಪರಿಶೀಲನೆಗೆ ಬರುವುದನ್ನು ಕಾದು, ಪರವಾನಗಿ ಕೈಗೆ ಸಿಗುವಾಗ ಚಳಿಗಾಲ ಬಂದಿತ್ತು. ಅದರ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಶುಲ್ಕ ಮಾತ್ರ ಪೂರ್ತಿ ವರ್ಷದ್ದು. ಆಹಾರ ಸುರಕ್ಷತೆಯ ನೋಂದಣಿಗೆ ನಮ್ಮಂಥ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಪಡೆದು ಆನ್‌ಲೈನಿನಲ್ಲಿಯೇ ಪತ್ರ ಕೊಡುತ್ತಾರೆ, ಸಣ್ಣ ಉದ್ದಿಮೆಗಳಿಗೆಂದು ಕೇಂದ್ರ ಮಾಡುವ ಉದ್ಯಮ್ ನೋಂದಣಿಗೆ ಆ ಶುಲ್ಕವೂ ಇಲ್ಲ. ದಿಲ್ಲಿಯಲ್ಲಿ ಕುಳಿತವರು ಒಂದೆರಡು ಪುಟಗಳಲ್ಲಿ ಮುಗಿಸುವುದನ್ನು ಕೂಗಳತೆಯಲ್ಲಿರುವವರು ತಿಂಗಳುಗಟ್ಟಲೆ ಎಳೆಯುತ್ತಾರೆ.

ಈ ವಿಳಂಬದ ಬೆಲೆ ಶುಲ್ಕಕ್ಕಿಂತ ದೊಡ್ಡದು. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು 2020ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿತ್ತು, ನಮ್ಮ ರಾಜ್ಯ ಅದರ ಮೇಲೆ ಶೇ. 15ನ್ನು ಸೇರಿಸುತ್ತಿತ್ತು. ರೊಟ್ಟಿ ಯಂತ್ರ ಮತ್ತು ಪ್ಯಾಕಿಂಗ್ ಯಂತ್ರಕ್ಕೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ಮೊದಲು ಕೇಳಿದ್ದು ಚಾಲ್ತಿಯಲ್ಲಿರುವ ಉದ್ದಿಮೆ ಪರವಾನಗಿಯನ್ನು. ನಮ್ಮ ಕೈಯಲ್ಲಿದ್ದದ್ದು ಅರ್ಜಿ ಸಲ್ಲಿಸಿದ ಸ್ವೀಕೃತಿ ಚೀಟಿ. ಪರವಾನಗಿ ಬಂದ ಮೇಲೆ ಹೋದರೆ, ಇನ್ನೇನು ಮಾರ್ಚ್ ಬಂತು, ನವೀಕರಿಸಿಕೊಂಡು ಬನ್ನಿ ಎಂದರು. ಅಂದರೆ ಸರ್ಕಾರದ ಒಂದು ಕೈ ಕೊಡಲು ಬಂದ ಸಹಾಯವನ್ನು ಇನ್ನೊಂದು ಕೈ ತಡೆದು ನಿಲ್ಲಿಸಿದೆ, ಮತ್ತು ಆ ಎರಡನೆಯ ಕೈ ಪ್ರತಿ ವರ್ಷ ಉತ್ತೇಜನದ ಭಾಷಣವನ್ನೂ ಓದುತ್ತದೆ.

ಬೀದಿಯಲ್ಲಿ ಕುಳಿತು ಮಾರುವವರ ಪಾಡು ನಮಗಿಂತ ಕಡೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ನಮ್ಮಲ್ಲಿ ಮಂತ್ರಿಗಳು ಬರುತ್ತಾರೆಂದು ಸುದ್ದಿಯಾದ ದಿನ ಬೆಳಿಗ್ಗೆಯೇ ಟ್ರ್ಯಾಕ್ಟರ್ ಬಂದು ತಳ್ಳುಗಾಡಿಗಳನ್ನು ಹೇರಿಕೊಂಡು ಹೋಗುತ್ತದೆ. ಮಂತ್ರಿಗಳು ಬಂದದ್ದು ಬೀದಿ ವ್ಯಾಪಾರಿಗಳಿಗೆ ಸಾಲಪತ್ರ ಹಂಚುವುದಕ್ಕೇ ಆಗಿದ್ದರೂ ಅಷ್ಟೇ. ಸಂತೆಯ ವಸೂಲಿಯನ್ನು ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಹಿಡಿದವರ ಹುಡುಗರು ಕೊಡುವ ಚೀಟಿಯಲ್ಲಿ ಮೊತ್ತವೇ ಇರುವುದಿಲ್ಲ, ಬುಟ್ಟಿಯ ಗಾತ್ರ ಮತ್ತು ಕುಳಿತವಳ ಮುಖ ನೋಡಿ ದರ ಹೇಳುತ್ತಾರೆ. ಆ ಸಂತೆಯಲ್ಲಿ ಹೆಣ್ಣುಮಕ್ಕಳಿಗೆ ಒಂದು ಶೌಚಾಲಯವಿಲ್ಲ. ಇದ್ದದ್ದಕ್ಕೆ ನೀರಿಲ್ಲವೆಂದು ಬೀಗ ಹಾಕಿದ್ದಾರೆ, ಬೀಗದ ವಿಷಯದಲ್ಲಿ ನಮ್ಮ ಪುರಸಭೆಯನ್ನು ಯಾರೂ ಮೀರಿಸಲಾರರು.

ರಸ್ತೆಯ ಮಾತನ್ನು ಬೆಳೆಸುವುದಿಲ್ಲ. ನಮಗೆ ರೊಟ್ಟಿಯ ಬೇಡಿಕೆ ಏರುವುದು ಬನಶಂಕರಿ ಜಾತ್ರೆಯ ಸಮಯದಲ್ಲಿ ಮತ್ತು ಲಗ್ನಗಳ ದಿನಗಳಲ್ಲಿ ಎಂಬುದು ಈ ಭಾಗದ ಮಕ್ಕಳಿಗೂ ಗೊತ್ತು. ಚರಂಡಿಗೆಂದು ಅಂಗಡಿಗಳ ಮುಂದೆ ಅಗೆದದ್ದು ಸರಿಯಾಗಿ ಜಾತ್ರೆಗೆ ಮುಂಚೆ, ಮುಚ್ಚಿದ್ದು ಲಗ್ನಗಳೆಲ್ಲ ಮುಗಿದ ಮೇಲೆ. ಗುತ್ತಿಗೆದಾರರ ಬಿಲ್ಲು ಮಾರ್ಚಿನೊಳಗೆ ಪಾಸಾಗಬೇಕಿತ್ತು, ಗಿರಾಕಿ ನಮ್ಮ ಬಾಗಿಲಿಗೆ ಬರುವುದು ಅಷ್ಟು ತುರ್ತಿನ ವಿಷಯವಾಗಿರಲಿಲ್ಲ.

ಸಿಬ್ಬಂದಿ ಕೊರತೆಯಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬರೇ ನಿರೀಕ್ಷಕರು ಕಸವನ್ನೂ ಪರವಾನಗಿಯನ್ನೂ ಜನನ ಮರಣದ ಪತ್ರವನ್ನೂ ನೋಡುತ್ತಾರೆ. ಅಧ್ಯಕ್ಷ ಸ್ಥಾನದ ಮೀಸಲಾತಿ ಇತ್ಯರ್ಥವಾಗದೆ ಆಡಳಿತಾಧಿಕಾರಿಯ ಕೈಯಲ್ಲಿ ಊರು ಉಳಿದ ಕಾಲವೂ ಇತ್ತು, ಆಗ ಗೆದ್ದ ಸದಸ್ಯರಿಗೂ ಅಧಿಕಾರವಿರಲಿಲ್ಲ. ಆದರೆ ಇದೇ ಸಿಬ್ಬಂದಿ ಪರವಾನಗಿ ನವೀಕರಿಸದವರ ಅಂಗಡಿಗೆ ನೋಟಿಸು ಅಂಟಿಸುವ ಅಭಿಯಾನವನ್ನು ವಾರದೊಳಗೆ ಮುಗಿಸಿದ್ದನ್ನು ನಾವು ಕಂಡಿದ್ದೇವೆ.

ಮಳಿಗೆ ಬಾಡಿಗೆಯ ಬಾಕಿ ಯಾರ ಯಾರ ಹೆಸರಿನಲ್ಲಿ ಎಷ್ಟೆಷ್ಟಿದೆ, ಒಳಬಾಡಿಗೆಯ ಬಗ್ಗೆ ಎಂದಾದರೂ ಪರಿಶೀಲನೆ ನಡೆದಿದೆಯೇ, ವ್ಯಾಪಾರ ಸಮಿತಿಯ ಕೊನೆಯ ಸಭೆಯ ನಡಾವಳಿ ಎಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ. 30 ದಿನ ಕಳೆದ ಮೇಲೆ ‘ಮಾಹಿತಿಯನ್ನು ಕ್ರೋಢೀಕರಿಸಲಾಗುತ್ತಿದೆ’ ಎಂಬ ಒಂದು ಸಾಲಿನ ಹಿಂಬರಹ ಬಂತು, ಮೇಲ್ಮನವಿಯನ್ನೂ ಸಲ್ಲಿಸಿದ್ದೇನೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಆರು ಮಳಿಗೆಗಳ ವಿಷಯವನ್ನು ಎತ್ತುವುದಾಗಿ ನಮ್ಮ ವಾರ್ಡಿನ ಸದಸ್ಯರು ಮಾತು ಕೊಟ್ಟಿದ್ದಾರೆ. ವಿಷಯಪಟ್ಟಿ ನಿನ್ನೆ ಹೊರಬಿತ್ತು, ಅದರಲ್ಲಿ ಹೊಸ ವಾಣಿಜ್ಯ ಸಂಕೀರ್ಣವೊಂದನ್ನು ಕಟ್ಟುವ ಪ್ರಸ್ತಾವವಿದೆ.