ಸೀಟಿನ ಮೇಲೊಂದು ಟವೆಲ್

ಕೆಂಪು ಬಸ್ಸಿನಲ್ಲಿ ಸೀಟು ಹಿಡಿಯುವ ಪದ್ಧತಿ ನಿಮಗೆ ಗೊತ್ತೇ ಇರುತ್ತದೆ. ಬಸ್ಸು ಇನ್ನೂ ಸ್ಟ್ಯಾಂಡಿನೊಳಗೆ ತಿರುಗುತ್ತಿರುತ್ತದೆ, ಜನ ಅದರ ಪಕ್ಕದಲ್ಲೇ ಓಡುತ್ತಾ ಕಿಟಕಿಯಿಂದ ಟವೆಲ್ಲೋ ಕರ್ಚೀಫೋ ತೂರಿಸಿಬಿಡುತ್ತಾರೆ. ಅದೂ ಇಲ್ಲದಿದ್ದರೆ ನ್ಯೂಸ್ ಪೇಪರ್, ನೀರಿನ ಬಾಟಲಿ. ಒಬ್ಬ ಪುಣ್ಯಾತ್ಮ ತನ್ನ ಮಗುವನ್ನೇ ಕಿಟಕಿಯಿಂದ ಒಳಗೆ ಇಳಿಸಿದ್ದನ್ನೂ ನೋಡಿದ್ದೇನೆ. ಆಮೇಲೆ ಬಾಗಿಲ ಹತ್ತಿರ ನಡೆಯುವುದು ಬೇರೆಯೇ ಯುದ್ಧ. ಮೊಣಕೈ, ಬ್ಯಾಗು, ಬೈಗುಳ ಎಲ್ಲವೂ ಹೊರಗೆ ಬರುತ್ತವೆ. ಇಳಿಯುವವರಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲಂತೂ ನೂಕಾಟ ಇನ್ನೂ ಜಾಸ್ತಿ. ಆದರೆ ಹೀಗೆ ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದ ಇದೇ ಜನ, ಖಾಲಿ ಸೀಟಿನ ಮೇಲೆ ಮಾಸಿದ ಟವೆಲ್ ಒಂದು ಬಿದ್ದಿರುವುದನ್ನು ಕಂಡರೆ ‘ಓ, ಯಾರೋ ಹಿಡಿದಿದ್ದಾರೆ’ ಅಂತ ಸುಮ್ನೆ ಮುಂದೆ ಹೋಗುತ್ತಾರೆ.

ನನಗೆ ಇದು ಯಾವತ್ತೂ ಬೆರಗಿನ ವಿಷಯ. ಟವೆಲ್ ಹಾಕಿದವರಿಗೇ ಸೀಟು ಅಂತ ಬಸ್ಸಿನಲ್ಲಿ ಬೋರ್ಡು ಹಾಕಿಲ್ಲ. ಜಗಳವಾಗಿ ಕಂಡಕ್ಟರನ್ನು ಕೇಳಿದರೆ ‘ನೀವ್ ನೀವೇ ಮಾತಾಡ್ಕೊಳಿ ಸ್ವಾಮಿ’ ಅನ್ನುತ್ತಾರೆ. ಟವೆಲ್ ತೆಗೆದು ಕಿಟಕಿಯಿಂದ ಆಚೆ ಎಸೆದು ಕೂತರೆ ಕೇಳುವವರಾರು? ಎಲ್ಲೋ ಕೆಲವರು ಹಾಗೆ ಮಾಡುತ್ತಾರೆ, ಇಲ್ಲ ಅಂತಲ್ಲ. ಆದರೆ ಜಾಸ್ತಿ ಜನ ಮಾಡುವುದಿಲ್ಲ. ಇವರಿಗೆಲ್ಲ ಇದನ್ನು ಯಾರು ಹೇಳಿಕೊಟ್ಟರು?

ಶಾಲೆಯಂತೂ ಅಲ್ಲ. ಶಾಲೆಯಲ್ಲಿ ನಮಗೆ ಕೊಟ್ಟ ಮಾತಿಗೆ ತಿರುಗಿ ಬಂದ ಹಸುವಿನ ಕಥೆ ಹೇಳಿಕೊಟ್ಟರು. ನಾನೂ ಎಲ್ಲರ ಹಾಗೆ ಅತ್ತೆ. ಆದರೆ ಆಗಲೇ ನನಗೊಂದು ಅನುಮಾನ ಇತ್ತು. ಹಸುವಿಗೇನೋ ನೀತಿ ಇತ್ತು, ಸರಿ. ಆ ಹುಲಿಗೆ ಎಲ್ಲಿಂದ ಬಂತು? ಅದಕ್ಕೆ ಮೇಷ್ಟ್ರಿಲ್ಲ, ಅಜ್ಜಿಯಿಲ್ಲ, ಅಲ್ಲಿಯವರೆಗೆ ಬದುಕಿದ್ದೇ ಹಸು ತಿಂದುಕೊಂಡು. ಮೇಷ್ಟ್ರನ್ನು ಕೇಳಿದ್ದಕ್ಕೆ ‘ಕೂತ್ಕೋ’ ಅಂದರು.

ಇನ್ನು ಮನೆ. ಸುಳ್ಳು ಹೇಳಿದರೆ ಬಾಯಿಗೆ ಮೆಣಸಿನಕಾಯಿ ಉಜ್ಜುತ್ತೇನೆ ಅನ್ನುತ್ತಿದ್ದ ನಮ್ಮಮ್ಮ, ಬಸ್ಸು ಹತ್ತುವ ಮುಂಚೆ ಮಾತ್ರ ಕಿವಿ ಹತ್ತಿರ ಬಗ್ಗಿ, ‘ಕಂಡಕ್ಟರ್ ಕೇಳಿದರೆ ಹನ್ನೊಂದು ಅನ್ನು, ತಿಳೀತಾ?’ ಅನ್ನುತ್ತಿದ್ದಳು. ಹನ್ನೆರಡು ದಾಟಿದರೆ ಫುಲ್ ಟಿಕೆಟ್. ಹಾಗಾಗಿ ನಾನು ಎರಡು ವರ್ಷ ಹನ್ನೊಂದರಲ್ಲೇ ನಿಂತಿದ್ದೆ. ಮೀಸೆ ಚಿಗುರುವ ಹೊತ್ತಿಗೆ ಒಬ್ಬ ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹನ್ನೊಂದೇ? ಏನು ಊಟ ಹಾಕ್ತೀರಮ್ಮ?’ ಅಂದ ಮೇಲೆ ಆ ವ್ಯವಹಾರ ನಿಂತಿತು.

ಇದೇ ಅಮ್ಮ ಒಂದು ಸಂಜೆ ಸಂತೆಯಿಂದ ಬಂದು ಚಿಲ್ಲರೆ ಎಣಿಸಿದಾಗ, ಸೊಪ್ಪಿನವಳು 5 ರೂಪಾಯಿ ಜಾಸ್ತಿ ಕೊಟ್ಟಿದ್ದು ಗೊತ್ತಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ನಾನು ಹಿಂದೆ ಹಿಂದೆ. ‘ಮುಂದಿನ ವಾರ ಕೊಟ್ಟರಾಯ್ತಲ್ವಾ?’ ಅಂದೆ. ‘ರಾತ್ರಿ ಅವಳು ದುಡ್ಡು ಎಣಿಸ್ತಾಳೆ ಕಣೋ’ ಅಂದಳು, ಅಷ್ಟೇ. ಕತ್ತಲಲ್ಲಿ ಆ ಹೆಂಗಸು ಗೋಣಿಚೀಲ ಮಡಿಸುತ್ತಿದ್ದಳು. ಬಸ್ಸಿನ ದುಡ್ಡನ್ನು ರಾತ್ರಿ ಯಾರು ಎಣಿಸುತ್ತಾರೆ ಅನ್ನುವುದು ಅಮ್ಮನಿಗೆ ಕಾಣುತ್ತಿರಲಿಲ್ಲ. ಸೊಪ್ಪಿನವಳು ಕಾಣುತ್ತಿದ್ದಳು. ಅಮ್ಮನ ನೀತಿ ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತಿತ್ತು ಅನ್ನಬೇಕು. ನನ್ನದೂ ಅಷ್ಟೇ ಅಂತ ಕಾಣುತ್ತದೆ.

2019ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಬಗ್ಗೆ ಓದಿದಾಗ ಅಮ್ಮನೇ ನೆನಪಾದಳು. 40 ದೇಶಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ಹೋಟೆಲು, ಬ್ಯಾಂಕು, ಪೋಸ್ಟಾಫೀಸುಗಳ ಕೌಂಟರಿನಲ್ಲಿ ‘ದಾರಿಯಲ್ಲಿ ಸಿಕ್ಕಿತು’ ಅಂತ ಕೊಟ್ಟು ಬಂದರಂತೆ. ನಮ್ಮ ದೇಶವೂ ಅದರಲ್ಲಿತ್ತು. ದುಡ್ಡಿದ್ದ ಪರ್ಸು ಒಳಗೆ ಹೋಗಿಬಿಡುತ್ತದೆ ಅಂತ ತಾನೇ ನಾವು ಅಂದುಕೊಳ್ಳುವುದು? ಆಗಿದ್ದು ಉಲ್ಟಾ. ದುಡ್ಡಿಲ್ಲದ ಪರ್ಸಾದರೆ ನೂರರಲ್ಲಿ 40 ಮಂದಿ ಅದರ ಯಜಮಾನನಿಗೆ ತಿಳಿಸಿದರು, ದುಡ್ಡಿದ್ದರೆ 51 ಮಂದಿ. ಖಾಲಿ ಪರ್ಸು ಮೇಜಿನ ಮೇಲೆ ಬಿದ್ದಿದ್ದರೂ ಮನಸ್ಸು ಚುಚ್ಚುವುದಿಲ್ಲ. ದುಡ್ಡಿದ್ದರೆ ಯಾರೋ ರಾತ್ರಿ ಜೇಬು ತಡಕಾಡುವುದು ಕಣ್ಣಿಗೆ ಬರುತ್ತದೆ, ಜೊತೆಗೆ ‘ನಾನು ಕಳ್ಳನಾ?’ ಅನ್ನುವ ಮುಜುಗರ ಬೇರೆ.

ಆದರೆ ಟವೆಲ್ ಕಥೆ ಅದರಿಂದ ಪೂರ್ತಿ ಬಗೆಹರಿಯುವುದಿಲ್ಲ. ಅದಕ್ಕೆ ಗೋಲಿಯಾಟವೇ ಬೇಕು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಎಂಬ ಮನಶ್ಶಾಸ್ತ್ರಜ್ಞ ಮಕ್ಕಳ ನೀತಿ ತಿಳಿಯಲು ಹೋಗಿದ್ದು ಅವರು ಗೋಲಿ ಆಡುವ ಜಾಗಕ್ಕೆ. ನನಗೆ ಬರಲ್ಲ, ಹೇಳಿಕೊಡಿ ಅಂತ ಕೇಳುತ್ತಿದ್ದರಂತೆ! 1932ರಲ್ಲಿ ಅವರು ಬರೆದ ಪ್ರಕಾರ, ಚಿಕ್ಕ ಮಕ್ಕಳಿಗೆ ಆಟದ ರೂಲ್ಸು ಅಪ್ಪ ಮಾಡಿದ್ದು, ದೇವರು ಮಾಡಿದ್ದು, ಅದನ್ನು ಮುಟ್ಟುವ ಹಾಗೇ ಇಲ್ಲ. ತಮಾಷೆ ಅಂದರೆ ಹಾಗೆ ಹೇಳುತ್ತಲೇ ಅವರವರಿಗೆ ತೋಚಿದಂತೆ ಆಡುತ್ತಿದ್ದರು. ಹತ್ತು ದಾಟಿದವರು ಮಾತ್ರ, ಎಲ್ಲರೂ ಒಪ್ಪಿದರೆ ರೂಲ್ಸು ಬದಲಾಯಿಸಬಹುದು ಅನ್ನುತ್ತಿದ್ದರು, ಒಪ್ಪಿದ ಮೇಲೆ ಸರಿಯಾಗಿಯೂ ಆಡುತ್ತಿದ್ದರು. ನಮ್ಮ ಬೀದಿಯೂ ಹಾಗೇ ಇತ್ತು. ಒಂದು ಮಧ್ಯಾಹ್ನ ನಾನು ಗೋಲಿಯನ್ನು ಕಾಲಲ್ಲಿ ಮೆಲ್ಲಗೆ ಗುಳಿಯ ಕಡೆ ಸರಿಸಿದೆ. ಯಾರೂ ಹೊಡೆಯಲಿಲ್ಲ, ಮನೆಗೆ ಹೇಳಲಿಲ್ಲ. ಎಲ್ಲರೂ ಟೂ ಬಿಟ್ಟರು. ನಾಲ್ಕು ದಿನ ಜಗುಲಿಯ ಮೇಲೆ ಕೂತು ಅವರ ಆಟ ನೋಡಿದೆ. ಹಸುವಿನ ಕಥೆ ಕಲಿಸದ್ದನ್ನು ಆ ನಾಲ್ಕು ದಿನ ಕಲಿಸಿತು.

ಮೊನ್ನೆ ಅರಸೀಕೆರೆಯಲ್ಲಿ ಬೆಂಗಳೂರು ಬಸ್ಸು ಹತ್ತಿದೆ. ಒಂದೇ ಒಂದು ಸೀಟು ಖಾಲಿ, ಅದರ ಮೇಲೆ ಹಸಿರು ಅಂಚಿನ ಟವೆಲ್. ಬಸ್ಸು ಹೊರಟಿತು, ಟವೆಲ್ಲಿನವರು ಬರಲಿಲ್ಲ. ನಾವು ಏಳೆಂಟು ಜನ ಕಂಬಿ ಹಿಡಿದು ನಿಂತು ಆ ಟವೆಲ್ಲನ್ನೇ ನೋಡುತ್ತಿದ್ದೆವು. ಒಬ್ಬರಾದರೂ ಕೂರಬೇಕಲ್ಲ! ಕೊನೆಗೆ ಒಬ್ಬ ಅಜ್ಜಿ ‘ಇದ್ಯಾರ್ದ್ರಪ್ಪಾ?’ ಅಂತ ಎರಡು ಸಲ ಕೂಗಿ, ಟವೆಲ್ ಕೊಡವಿ, ನೀಟಾಗಿ ಮಡಿಸಿ ಮಡಿಲಲ್ಲಿಟ್ಟುಕೊಂಡು ಕೂತರು. ‘ಬಂದ್ರೆ ಎದ್ದು ಕೊಡ್ತೀನಿ’ ಅಂದರು, ಯಾರೂ ಕೇಳದಿದ್ದರೂ. ಆಮೇಲೆ ಬಸ್ಸು ನಿಂತಾಗಲೆಲ್ಲ ಕತ್ತು ಉದ್ದ ಮಾಡಿ ಬಾಗಿಲ ಕಡೆ ನೋಡುತ್ತಿದ್ದರು. ತಿಪಟೂರಲ್ಲಿ ಇಳಿಯುವಾಗ ಟವೆಲ್ಲನ್ನು ಮತ್ತೆ ಅದೇ ಸೀಟಿನ ಮೇಲೆ ಹಾಸಿ ಹೋದರು. ನಾನು ತುಮಕೂರಿನವರೆಗೆ ನಿಂತೇ ಬಂದೆ.