ಅಂಗಾಲಿನ ನಕ್ಷೆ ಮತ್ತು ಹರಳೆಣ್ಣೆ

ಸಿಂಗಾಪುರದಲ್ಲಿ ಪಾದ ಒತ್ತಿಸಿಕೊಳ್ಳೋದು ಶೋಕಿಯಲ್ಲ, ದಿನನಿತ್ಯದ ಮಾತು. ಚೈನಾಟೌನಿನ ಪೀಪಲ್ಸ್ ಪಾರ್ಕ್ ಕಾಂಪ್ಲೆಕ್ಸಿನಲ್ಲಿ ರಿಫ್ಲೆಕ್ಸಾಲಜಿ, ಅಂದರೆ ಪಾದದ ಒಂದೊಂದು ಜಾಗಕ್ಕೂ ದೇಹದ ಒಂದೊಂದು ಅಂಗ ಅಂತ ನಂಬಿ ಒತ್ತೋ ಅಂಗಡಿಗಳಿಗೆ ಬರವಿಲ್ಲ. ಮನೆ ಹತ್ತಿರದ ಪಾರ್ಕುಗಳಲ್ಲೂ ಸಿಮೆಂಟಿನಲ್ಲಿ ಉರುಟು ಕಲ್ಲು ಕೂರಿಸಿದ ಹಾದಿ ಮಾಡಿರುತ್ತಾರೆ. ವಯಸ್ಸಾದವರು ಬರಿಗಾಲಲ್ಲಿ ಮುಖ ಕಿವುಚಿಕೊಂಡು ಅದರ ಮೇಲೆ ನಡೆಯುತ್ತಾರೆ. ಮಂಡ್ಯದ ಗದ್ದೆ ಬದುವಿನಲ್ಲಿ ಚಪ್ಪಲಿ ಇಲ್ಲದೆ ಓಡಾಡಿದ ನನಗೆ ಮೊದಮೊದಲು ನಗು ಬರುತ್ತಿತ್ತು.

ಅಂಗಡಿಯ ಗೋಡೆ ಮೇಲೆ ಪಾದದ ಬಣ್ಣದ ಚಿತ್ರ ಇರುತ್ತೆ. ಹೆಬ್ಬೆರಳು ತಲೆ, ಬೆರಳ ಬುಡದ ದಪ್ಪ ಭಾಗ ಶ್ವಾಸಕೋಶ, ನಡುವಿನ ಹಳ್ಳ ಹೊಟ್ಟೆ, ಪಾದದ ಒಳ ಅಂಚು ಬೆನ್ನುಮೂಳೆ. ಪಿತ್ತಜನಕಾಂಗ ಬಲಗಾಲಲ್ಲಿ ಮಾತ್ರ. ಇದು ಚೀನಾದ ಸಾವಿರಾರು ವರ್ಷದ ವಿದ್ಯೆ ಅಂತ ಹೇಳೋದುಂಟು. ಆದರೆ ಈಗಿನ ಈ ನಕ್ಷೆ ತಯಾರಾದದ್ದು ಅಮೆರಿಕದಲ್ಲಿ. ಕಿವಿ-ಮೂಗು-ಗಂಟಲಿನ ಡಾಕ್ಟರ್ ವಿಲಿಯಂ ಫಿಟ್ಜ್‌ಜೆರಾಲ್ಡ್ ದೇಹವನ್ನು ತಲೆಯಿಂದ ಕಾಲಿನವರೆಗೆ 10 ಉದ್ದ ಪಟ್ಟಿಗಳಾಗಿ ಭಾಗ ಮಾಡಿ, 1917ರಲ್ಲಿ ಅದರ ಬಗ್ಗೆ ಪುಸ್ತಕ ತಂದರು. 1930ರ ದಶಕದಲ್ಲಿ ಯೂನಿಸ್ ಇಂಗಮ್ ಅನ್ನೋ ಫಿಸಿಯೋಥೆರಪಿಸ್ಟ್ ಅದನ್ನೆಲ್ಲ ಪಾದಕ್ಕೆ ಇಳಿಸಿದರು. ಒತ್ತಿದಾಗ ಎಲ್ಲಿ ನೋವೋ ಆ ಅಂಗದಲ್ಲಿ ತೊಂದರೆ, ಅಲ್ಲಿ ಒತ್ತಿದರೆ ದೇಹ ತಾನೇ ಸರಿಹೋಗುತ್ತೆ ಅನ್ನೋದು ಲೆಕ್ಕ. ಇಡೀ ಮನುಷ್ಯನನ್ನು ಒಂದಾಗಿ ನೋಡೋ ಚಿಕಿತ್ಸೆ ಅಂತಾರಲ್ಲ, ಅದು ಇದಕ್ಕೇ.

ಕೇಳೋಕೆ ಚೆಂದ. ಆದರೆ ಪಾದದ ಆ ಜಾಗದಿಂದ ಕಿಡ್ನಿಗೆ ಹೋಗೋ ದಾರಿಯನ್ನು ಯಾರೂ ತೋರಿಸಿಲ್ಲ. ನಕ್ಷೆಗಳೂ ಒಂದರಂತೆ ಒಂದಿಲ್ಲ. ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು 2009 ಮತ್ತು 2011ರಲ್ಲಿ ಪರಿಶೀಲಿಸಿದಾಗ, ಯಾವ ಕಾಯಿಲೆಗೂ ಇದು ಮದ್ದು ಅನ್ನೋಕೆ ಗಟ್ಟಿ ಪುರಾವೆ ಸಿಗಲಿಲ್ಲ.

ನಮ್ಮಲ್ಲೂ ಪಾದಕ್ಕೆ ಉಪಚಾರ ಇತ್ತಲ್ವಾ? ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಬೇಕು ಅಂತ ಆಯುರ್ವೇದದ ಹಳೇ ಗ್ರಂಥ, ವಾಗ್ಭಟನ ಅಷ್ಟಾಂಗ ಹೃದಯದಲ್ಲೇ ಇದೆ. ಮನೇಲಿ ಅಮ್ಮ ಬೇಸಿಗೆಯ ರಾತ್ರಿ ಅಂಗಾಲಿಗೆ ಹರಳೆಣ್ಣೆ ತಿಕ್ಕೋರು. ಕಣ್ಣು ತಂಪಾಗುತ್ತೆ, ನಿದ್ದೆ ಬರುತ್ತೆ, ಅಷ್ಟೇ ಅವರ ಮಾತು. ಕಣ್ಣಿನದು ಗೊತ್ತಿಲ್ಲ, ನಿದ್ದೆಯಂತೂ ಬರುತ್ತಿತ್ತು. ಸಿಂಗಾಪುರದಲ್ಲಿ ನಾನು ಹೋಗೋ ಅಂಗಡಿಯಲ್ಲೂ ಅಷ್ಟೇ ಸಿಗೋದು. ಬಿಸಿನೀರಲ್ಲಿ ಕಾಲು ನೆನೆಸಿ, ಹೆಬ್ಬೆರಳಿನ ಗೆಣ್ಣಿನಿಂದ ಹಿಮ್ಮಡಿವರೆಗೆ ಒತ್ತುತ್ತಾರೆ. ಸುಸ್ತು ಇಳಿಯುತ್ತೆ. ಗೋಡೆಯ ನಕ್ಷೆ ಸುಮ್ನೆ ಗೋಡೆ ಮೇಲಿರುತ್ತೆ.

ತಕರಾರು ಇರೋದು ಆ ನಕ್ಷೆಯನ್ನೇ ರಿಪೋರ್ಟ್ ಥರ ಓದೋವಾಗ. ಮಂಡ್ಯದ ನಮ್ಮ ಚಿಕ್ಕಮ್ಮನಿಗೆ ಬಹಳ ವರ್ಷದಿಂದ ಶುಗರ್. ಯಾರೋ ಹೇಳಿದರು ಅಂತ ಮೈಸೂರಿನ ಒಂದು ಕಡೆ ಪಾದ ತೋರಿಸಿಕೊಂಡು ಬಂದರು. ಮರದ ಕಡ್ಡಿಯಲ್ಲಿ ಒತ್ತಿ ಒತ್ತಿ ಕೇಳಿದರಂತೆ. ‘ಎಲ್ಲೂ ನೋವೇ ಆಗ್ಲಿಲ್ಲ ಕಣಪ್ಪ, ಒಳಗೆಲ್ಲಾ ಚೆನ್ನಾಗದೆ ಅಂದ್ರು’ ಅಂತ ಫೋನಿನಲ್ಲಿ ಖುಷಿಯಾಗಿ ಹೇಳಿದರು.

ನನಗೆ ಎದೆ ಧಸಕ್ ಅಂತು. ಶುಗರ್ ಜಾಸ್ತಿ ದಿನ ಇದ್ದರೆ ಕಾಲಿನ ನರಗಳು ಸೋಲುತ್ತವೆ, ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ಎಲ್ಲೂ ನೋವಾಗದಿದ್ದದ್ದೇ ಕಾಯಿಲೆಯ ಸುಳಿವು ಇರಬಹುದು. ಆ ಕಡ್ಡಿಯಿಂದ ಗಾಯ ಆಗಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಇಡೀ ದೇಹವನ್ನು ಪಾದದಲ್ಲಿ ಹುಡುಕಿದವರು ಪಾದವನ್ನೇ ನೋಡಲಿಲ್ಲ.

‘ಚಿಕ್ಕಮ್ಮ, ಶುಗರ್ ಡಾಕ್ಟರಿಗೆ ಕಾಲು ತೋರ್ಸಿ. ತೆಳ್ಳಗಿನ ನೈಲಾನ್ ಎಳೆ ತಾಗಿಸಿ ಸ್ಪರ್ಶ ಇದೆಯಾ ನೋಡ್ತಾರೆ’ ಅಂದೆ. ‘ಆಯ್ತು, ಎಣ್ಣೆ ಹಚ್ಬೋದಾ?’ ಅಂದರು. ಹಚ್ಚಬಹುದು. ಬೆರಳ ಸಂದಿಗೆ ಮಾತ್ರ ಬೇಡ, ಅಲ್ಲಿ ಪಸೆ ನಿಂತರೆ ಚರ್ಮ ಕೆಡುತ್ತೆ.